ನೆಲ ಮುಟ್ಟದ ಕ್ಯಾನು

ಗೆದ್ದವರ ಬಸ್ಸಿನ ಬಾಗಿಲಲ್ಲಿ ನಿಂತು ಕೋಚ್ ಹೂಕ್‌ಸ್ಟ್ರಾ ಟ್ರೋಫಿಯಾಗಿದ್ದ ಆ ಹಳೆಯ ಹಾಲಿನ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಅಮೆರಿಕದ ಅಯೋವಾ ರಾಜ್ಯದ ಎರಡು ಪುಟ್ಟ ಕಾಲೇಜುಗಳ ನಡುವಿನ ವಾರ್ಷಿಕ ಫುಟ್‌ಬಾಲ್ ಪಂದ್ಯದಲ್ಲಿ ಸೋತ ಕೋಚೇ ಕ್ಯಾನನ್ನು ಹೊತ್ತು ತಂದು ಒಪ್ಪಿಸಬೇಕು. ಗೆದ್ದವರು ಕೈಗೆ ತೆಗೆದುಕೊಳ್ಳುವ ತನಕ ಅದು ನೆಲ ಮುಟ್ಟಕೂಡದು.

"ಉಜ್ಜಿ ಇಟ್ಟಿರು ರಾಸ್ಮುಸೆನ್, ಮುಂದಿನ ವರ್ಷ ಬಂದು ಕಿತ್ಕೊಂಡು ಹೋಗ್ತೀವಿ." ಸೋತಾಗಲೆಲ್ಲ ಹೇಳುವ ಮಾತು ತಾನಾಗಿ ಬಾಯಿಗೆ ಬಂದಿತ್ತು. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಮುಂದಿನ ವರ್ಷ ಗೆದ್ದ ಕೋಚ್ ರಾಸ್ಮುಸೆನ್‌ನ ಕಾಲೇಜು ದೊಡ್ಡ ಲೀಗಿಗೆ ಹೋಗುತ್ತದೆ. ಉಳಿದ ಕಾಲೇಜುಗಳೂ ಒಂದೊಂದಾಗಿ ಜಾರಿಕೊಂಡಿದ್ದವು. ಹೂಕ್‌ಸ್ಟ್ರಾನ ಹುಡುಗರ ಜೊತೆ ಆಡಲು ಇನ್ನು ಯಾರೂ ಇಲ್ಲ. ಫುಟ್‌ಬಾಲನ್ನೇ ನಿಲ್ಲಿಸುವುದಾಗಿ ಅವನ ಕಾಲೇಜು ಹೇಳಿಬಿಟ್ಟಿತ್ತು.

ರಾಸ್ಮುಸೆನ್ ಕೈ ಚಾಚಲಿಲ್ಲ. "ನೀನೇ ಇಟ್ಕೊಳ್ಳೋ ಮಾರಾಯ. ಅಲ್ಲಿ ಇದು ಏನಂತ ಯಾರಿಗೆ ಗೊತ್ತು?"

"ಗೆದ್ದಿದ್ದು ನೀನು ಕಣೋ. ಪ್ರತಿ ವರ್ಷದ ಹಾಗೆ ನಾಲ್ಕು ಮಾತು ಬೈದಾದ್ರೂ ತಗೊಳ್ಳೋ."

"ಬೈಯೋಕೆ ಇನ್ನೇನಿದೆ," ಎಂದು ರಾಸ್ಮುಸೆನ್ ಒಳಗೆ ಸರಿದ. ಬಾಗಿಲು ಮುಚ್ಚಿತು, ಬಸ್ಸು ಹೊರಟುಹೋಯಿತು.

"ಕೆಳಗಿಡಿ ಸರ್, ಅವರು ಹೋದ್ರು," ಎಂದ ಹಿಂದೆ ನಿಂತಿದ್ದ ತಂಡದ ಕ್ಯಾಪ್ಟನ್.

ಹೂಕ್‌ಸ್ಟ್ರಾ ಕ್ಯಾನನ್ನು ಎದೆಗೆ ಅವಚಿಕೊಂಡ. "ಇನ್ನೂ ಯಾರೂ ತಗೊಂಡಿಲ್ವಲ್ಲೋ," ಎಂದ.