ಝಟ್ಕಾ ಮಷಿನ್

ಇಡಗುಂದಿಯಲ್ಲಿ ದನ ಹುಡುಕಲು ಹೋದ ಪಾರ್ವತವ್ವ ಹೊಲದ ಸುತ್ತ ಕರೆಂಟಿನ ಶಾಕ್ ಹರಿಸುವ ಝಟ್ಕಾ ಬೇಲಿ ತಗುಲಿ ಸತ್ತಳು. ಪೊಲೀಸರು ಬರುವ ಮೊದಲೇ ಬೇಲಿಯ ಮಷಿನ್ ಬಿಚ್ಚಿ ತಂದ, ಅದನ್ನು ತಯಾರಿಸುವ ಕಂಪನಿಯ ಮಾಲೀಕ ಶಿವಪುತ್ರಪ್ಪ, ಅದರ ಪ್ರೋಗ್ರಾಂ ಬರೆದ ಹುಮಾಳ ಮುಂದಿಟ್ಟ.

"ಇದರ ಚಿಪ್‌ಗೆ ಲಾಕ್ ಹಾಕೂದು ಮರ್ತೀಯಲ್ಲ. ಈಗ ಹಾಕವ್ವಾ, ಒಳಗಿಂದು ಯಾರಿಗೂ ಓದಾಕ ಬರಬಾರ್ದು."

ಪ್ರೋಗ್ರಾಂ ನಕಲು ಮಾಡುವ ಕಳ್ಳರನ್ನು ತಡೆಯಲೆಂದು ಇದ್ದ ಬೀಗ ಅದು. ಒಮ್ಮೆ ಬಿದ್ದರೆ, ತೆಗೆಯಲು ಹೋದಾಗ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಶಾಕ್ ಜೀವ ತೆಗೆಯದಂತೆ ಪ್ರೋಗ್ರಾಂನಲ್ಲಿದ್ದ ಮಿತಿಯನ್ನು ತೆಗೆ ಎಂದು ಹೇಳಿದವನು ಅವನು. ತೆಗೆದ ಬೆರಳು ಹುಮಾಳದು.

ಅವನು ಬಾಗಿಲಿಗೆ ಚಿಲಕ ಹಾಕಿದ. "ಅವ್ರು ಓದಿದ್ರ ಮೊದ್ಲು ಜೈಲಿಗೆ ಹೋಗಾಕಿ ನೀನ."

ಹುಮಾ ಮಷಿನ್‌ಗೂ ಕಂಪ್ಯೂಟರಿಗೂ ನಡುವಿದ್ದ ಕೇಬಲ್ ಕಿತ್ತಳು. "ಹಾಕೂದಿಲ್ಲ ಸಾವ್ಕಾರ್ರೆ. ನಾ ಬರ್ದಿದ್ದನ್ನ ಪೊಲೀಸರ ಮುಂದ ನಾನೇ ಓದ್ತೀನಿ."