ಎದುರು ತಂಡದ ರೈಡರ್

"ಕಾಲಿಗೆ ಕೈ ಹಾಕಿದ್ರೆ ಕೆಟ್ಟೆ ಅಂತ ತಿಳ್ಕೊ. ಅವ್ನ ಸೊಂಟನೇ ಅಮಿಕ್ಕೊಬೇಕು ಕಣ್ಲಾ," ಎಂದ ಮೈದಾನದ ಮೆಟ್ಟಿಲ ಮೇಲೆ ಕೂತು ಆಟ ನೋಡುತ್ತಿದ್ದ ಪುಟ್ಟಮಾದ.

"ಸೊಂಟ ಸಿಕ್ಕೋವರ್ಗೂ ಆ ನನ್ಮಗ ನಿಂತಿರ್ತಾನಾ?" ಎಂದು ಮರೀಗೌಡ ರೇಗಿದ. ಒಂದು ಕಾಲದಲ್ಲಿ ಊರ ಕಬಡ್ಡಿ ತಂಡಕ್ಕೆ ಮೂಲೆ ಕಾದವನು, ಮಂಡಿ ಸೋತ ಮೇಲೆ ಬಾಯಲ್ಲಷ್ಟೇ ಆಡುತ್ತಿದ್ದ. ಎದುರು ತಂಡದ ರೈಡರ್ ಬಂದಾಗಲೆಲ್ಲ ಒಬ್ಬನನ್ನು ಔಟ್ ಮಾಡಿ ಹೋಗುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ಆಟದಿಂದ ಕಣ್ಣು ಕೀಳದೆ ಹೇಳಿದಳು: "ಒದೆಯೋಕೆ ಮುಂಚೆ ಅವ್ರು ಎಡಗಡೆ ಭುಜ ಇಳಿಸ್ತಾರೆ. ಆಮೇಲೆ ಬಲಗಾಲು ಬರ್ತದೆ."

ಮರೀಗೌಡ ನಕ್ಕುಬಿಟ್ಟ. ಆದರೂ ರೈಡರ್ ಮತ್ತೆ ಗೆರೆ ದಾಟಿ ಬಂದಾಗ ಅವನ ಕಾಲು ಬಿಟ್ಟು ಭುಜ ನೋಡಿದ. ಎಡಭುಜ ಇಳಿಯಿತು. ಬಲಗಾಲು ಸಿಡಿಯಿತು. ಮೂಲೆಯ ಹುಡುಗ ಎದೆ ಹಿಡಿದುಕೊಂಡು ಉರುಳಿದ.

ಮರೀಗೌಡ ಬೆರಗಾಗಿ ಹಿಂದೆ ತಿರುಗಿ ನೋಡಿದ. ಹೆಂಗಸಿನ ಮೊಣಕೈ ತಾನಾಗಿಯೇ ಎದ್ದು ಮುಖಕ್ಕೆ ಅಡ್ಡ ಬಂದಿತ್ತು. ಅವಳು ಅದನ್ನು ಮೆಲ್ಲಗೆ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

"ನೀವೂ ಕಬಡ್ಡಿ ಆಡ್ತಿದ್ರೇನವ್ವಾ?"

"ಇಲ್ಲ."

"ಆಡ್ದೇನೆ ಇಷ್ಟು ಗೊತ್ತಾ! ಹಂಗಾರೆ ಹಿಡಿಯೋದು ಹೆಂಗೆ ಅಂತ್ಲೂ ಹೇಳ್ಬುಡಿ. ನಮ್ಮ ಹುಡುಗ್ರಿಗೆ ಇಲ್ಲಿಂದ್ಲೇ ಕೂಗಿ ಹೇಳ್ತೀನಿ."

ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವಂತೆ, ಸಿಟ್ಟಿಲ್ಲದೆ ಅಳುವಿಲ್ಲದೆ, ಅವಳು ಹೇಳಿದಳು:

"ಹಿಡಿಯೋದು ನಂಗೊತ್ತಿಲ್ಲಣ್ಣ. ಇಲ್ಲಿ ಅವ್ರನ್ನ ಹಿಡಿಯೋಕೆ ಏಳು ಜನ ಅವ್ರೆ. ಮನೇಲಿ ನಾನೊಬ್ಳೇ."