ಎರಡು ಫೋನುಗಳ ನಡುವೆ

2019ರ ಮಾರ್ಚ್ 14, ಗುರುವಾರ, ಮಧ್ಯಾಹ್ನ 3 ಗಂಟೆ 42 ನಿಮಿಷ. ನೆಟ್‌ವರ್ಕ್ ಎಂಜಿನಿಯರ್ ಎಂಟರ್ ಒತ್ತಿದ, ಒತ್ತಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಊರಿನ ಇನ್ನೊಂದು ತುದಿಯಲ್ಲಿರುವ ಹೆರಿಗೆ ಆಸ್ಪತ್ರೆಯ ರೂಟರಿಗೆ ಅವನು ತನ್ನ ಕಚೇರಿಯಿಂದಲೇ ಹೊಸ ನಿಯಮ ಬರೆಯುತ್ತಿದ್ದ: ಯಾವ ಐಪಿ ವಿಳಾಸಗಳು ದಾಟಬಹುದು, ಯಾವುವು ಕೂಡದು. ಒಂದು ಅಂಕಿ ತಪ್ಪಿತ್ತು. ರೂಟರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ಬರೆದವನನ್ನೂ ಸೇರಿಸಿ ಎಲ್ಲರನ್ನೂ ಆಚೆ ನಿಲ್ಲಿಸಿಬಿಟ್ಟಿತು. ಆ ಕಡೆ ಯಾರಾದರೂ ಎಚ್ಚರವಿದ್ದಾರೆಯೇ ಎಂದು ವಿಚಾರಿಸುವ ಪುಟ್ಟ ಪ್ಯಾಕೆಟ್ಟು, ಪಿಂಗ್, ಕಳಿಸಿ ನೋಡಿದ. ಉತ್ತರವಿಲ್ಲ.

ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು. ಆದರೂ ಅವನು ಬೆವರಲಿಲ್ಲ. ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ‘ನಾನು ಬೇಡ ಅನ್ನದಿದ್ದರೆ ಹತ್ತು ನಿಮಿಷಕ್ಕೆ ನೀನೇ ಆರಿ ಹೊತ್ತಿಕೋ’ ಎಂದು ರೂಟರಿಗೆ ಹೇಳಿಡುವುದು ಅವನ ಪದ್ಧತಿ. ಮತ್ತೆ ಎದ್ದಾಗ ಅದಕ್ಕೆ ಹಳೆಯ ನಿಯಮಗಳಷ್ಟೇ ನೆನಪಿರುತ್ತವೆ. ಕಚೇರಿಯವರು ಅವನಿಗೆ ಪುಕ್ಕಲಯ್ಯ ಎಂದು ಹೆಸರಿಟ್ಟಿದ್ದೂ ಇದಕ್ಕೇ. ಕಾಯಬೇಕು, ಅಷ್ಟೇ.

ಮೇಜಿನ ಫೋನು ಬಡಿದುಕೊಂಡಿತು.

“ಟಿವೀಲಿ ನನ್ನ ಮಗು ಕಾಣ್ತಿಲ್ಲ,” ಎಂದಿತು ಒಂದು ಹೆಣ್ಣು ದನಿ.

ಅದೇ ಆಸ್ಪತ್ರೆಯ ಬಾಣಂತಿ; ಟಿವಿಯ ಮೇಲೆ ಅಂಟಿಸಿದ್ದ ದುರಸ್ತಿಯ ನಂಬರಿಗೆ ಫೋನ್ ಮಾಡಿದ್ದಳು. ಅಂಟುಜ್ವರವೆಂದು ಅವಳನ್ನು ಮೇಲಿನ ಮಹಡಿಯಲ್ಲಿ ಒಂಟಿಯಾಗಿ ಇಟ್ಟಿದ್ದರು. ತಿಂಗಳು ತುಂಬದೆ ಹುಟ್ಟಿದ ಮಗು ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ. ಅಲ್ಲಿಯ ಕ್ಯಾಮೆರಾ ಮಗುವಿನ ಚಿತ್ರವನ್ನು ಚೂರುಚೂರು ಪ್ಯಾಕೆಟ್ಟು ಮಾಡಿ, ಆ ರೂಟರಿನ ಮೂಲಕವೇ ಅವಳ ಕೋಣೆಗೆ ಕಳಿಸುತ್ತಿತ್ತು.

“ಮಗುವಿಗೇನೂ ಆಗಿಲ್ಲ ತಾಯಿ. ಲೈನು ಕೆಡಿಸಿದ್ದು ನಾನು. ಹತ್ತು ನಿಮಿಷ ತಾಳ್ಕೊಳ್ಳಿ.”

“ನೀವು ಮಗೂನ ನೋಡಿದ್ರಾ?”

“ಇಲ್ಲ.”

“ಮತ್ತೆ? ಕೆಟ್ಟ ಸುದ್ದಿ ಇದ್ರೆ ಹೀಗೇ ಆರಿಸ್ತಾರೆ. ನಾನು ಚಪ್ಪಲಿ ಮೆಟ್ಟಾಯ್ತು. ಕೆಳಗೆ ಹೋಗ್ತೀನಿ.”

ಈಗ ಮೈ ಬೆವರಿತು. ಆ ಜ್ವರ ಹೊತ್ತು ಅವಳು ಪೆಟ್ಟಿಗೆಯ ಹತ್ತಿರ ಹೋದರೆ ಆಗುವುದೇನೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

“ಬಾಗಿಲು ದಾಟ್ಬೇಡಿ, ಒಂದೇ ನಿಮಿಷ,” ಎಂದವನೇ ಮೊಬೈಲಿನಿಂದ ಕೆಳಗಿನ ವಾರ್ಡಿನ ನರ್ಸಿಗೆ ಫೋನ್ ಹಚ್ಚಿದ. “ಸಿಸ್ಟರ್, ಮೇಲಿನ ಕೋಣೆಯವರ ಮಗು ಹೇಗಿದೆ?”

“ರಾಜನ ಹಾಗಿದ್ದಾನೆ. ಮೊದಲು ನಿಮ್ಮ ಟಿವಿ ಸರಿಮಾಡಿ.”

ಅದನ್ನೇ ಬಾಣಂತಿಗೆ ಹೇಳಿದ. “ಎಲ್ಲರಿಗೂ ಹಾಗೇ ಹೇಳ್ತಾರೆ,” ಎಂದಳು. ದನಿ ಆಗಲೇ ಫೋನಿನಿಂದ ದೂರ ಸರಿದಿತ್ತು.

“ಸಿಸ್ಟರ್, ನಿಮ್ಮ ಫೋನನ್ನ ಪೆಟ್ಟಿಗೆಯ ಕಿಂಡಿ ಪಕ್ಕ ಇಟ್ಬಿಡಿ. ನೀವು ಮಾತಾಡ್ಬೇಡಿ.”

“ತಾಯಿ, ನಿಮ್ಮ ಮಗೂನೇ ಕೇಳಿಸ್ಕೊಳ್ಳಿ,” ಎಂದು ಮೇಜಿನ ಫೋನಿಗೆ ಕೂಗಿ, ಮೊಬೈಲನ್ನು ತಲೆಕೆಳಗು ಮಾಡಿ, ಅದರ ಕಿವಿಗೆ ಮೇಜಿನ ಫೋನಿನ ಬಾಯಿ ಕೂಡುವಂತೆ ಎರಡನ್ನೂ ಅಮುಕಿ ಹಿಡಿದ. ಇನ್ನು ಅವನಿಗೆ ಏನೂ ಕೇಳಿಸುವಂತಿಲ್ಲ. ಅವಳು ಫೋನು ಹಿಡಿದು ಕೂತಿದ್ದಾಳೋ, ಕೆಳಗಿಟ್ಟು ಮೆಟ್ಟಿಲಿಳಿಯುತ್ತಿದ್ದಾಳೋ. ಕೇಳೋಣವೆಂದರೆ ನಡುವೆ ಸದ್ದು ತುಂಡಾಗುತ್ತದೆ. ತೋಳು ಜೋಮು ಹಿಡಿಯಿತು. ಮೂಗು ಈಗಲೇ ತುರಿಸಬೇಕೆ.

ಪಕ್ಕದ ಸೀಟಿನವನು ಬಗ್ಗಿ ನೋಡಿದ. “ಏನೋ ಪುಕ್ಕಲಯ್ಯ, ಫೋನುಗಳಿಗೆ ಮದುವೆ ಮಾಡಿಸ್ತಿದ್ದೀಯಾ?”

ಅವನು ಕಣ್ಣಲ್ಲೇ ಗದರಿದ. ಪರದೆಯ ಮೇಲೆ ಪಿಂಗಿನ ಸಾಲುಗಳು ಬೆಳೆಯುತ್ತಿದ್ದವು: ಉತ್ತರವಿಲ್ಲ, ಉತ್ತರವಿಲ್ಲ. ಆಮೇಲೆ ಒಂದು ಉತ್ತರ. ಅದರ ಹಿಂದೆಯೇ ಸಾಲುಸಾಲಾಗಿ.

ಫೋನುಗಳನ್ನು ಬಿಡಿಸಿದ. “ತಾಯಿ?”

ರಿಸೀವರನ್ನು ಕಿವಿಗೆ ಅವುಚಿಕೊಂಡ.

“ಶ್,” ಎಂದಳು ಅವಳು, ಪಿಸುದನಿಯಲ್ಲಿ. “ಬಿಕ್ಕಳಿಸ್ತಿದ್ದ. ಈಗ ತಾನೆ ನಿಂತಿತ್ತು. ಯಾಕೆ ತೆಗೆದ್ರಿ?”

“ಟಿವಿ ನೋಡಿ.”

ಅವಳು ಚಪ್ಪಲಿ ಕಳಚಿದ ಸದ್ದು ಫೋನಿನಲ್ಲಿ ಕೇಳಿಸಿತು.

“ಸಿಸ್ಟರ್ ಇವತ್ತಿನ ತೂಕದ ಚೀಟಿ ಹಿಡಿದು ತೋರಿಸ್ತಿದ್ದಾರೆ. ನಿನ್ನೆ ಸಾವಿರದ ನೂರ ಐವತ್ತಿತ್ತು. ಹಾಳು ಕಣ್ಣು, ಎಲ್ಲ ಮಂಜುಮಂಜು. ನಿಮಗೆ ಕಾಣುತ್ತಾ?”

ಅವನು ಆ ಕ್ಯಾಮೆರಾವನ್ನು ತನ್ನ ಪರದೆಗೂ ತರಿಸಿಕೊಂಡು, ಓದಿ ಹೇಳಿದ.

“ಒಂದು ಸಾವಿರದ ನೂರ ಎಂಬತ್ತು ಗ್ರಾಂ.”